ಹತ್ತಕ್ಕೆ ಹತ್ತು ರೇಟಿಂಗ್ ಇರುವ ಶಾಲೆಯ ಊರಿಗೇ ಹೋಗಬೇಕೇ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಆರು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ, ಈಗ ಎಡಿಸನ್‌ನಲ್ಲಿ ಬಾಡಿಗೆ ಮನೆ. ನನ್ನ ಯಜಮಾನರಿಗೆ ಜರ್ಸಿ ಸಿಟಿಯಲ್ಲಿ ಕೆಲಸ, ವಾರಕ್ಕೆ ನಾಲ್ಕು ದಿನ ಕಚೇರಿಗೆ ಹೋಗಲೇಬೇಕು. ನಾನು ಮನೆಯಿಂದಲೇ ಅರೆಕಾಲಿಕ ಕೆಲಸ ಮಾಡುತ್ತೇನೆ. ಕೆಲಸದ ವೀಸಾ ಎಚ್-1ಬಿ, ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದೆ. ಮಗಳು ಮೂರನೇ ತರಗತಿ. ಚೆನ್ನಾಗಿ ಓದುತ್ತಾಳೆ, ಆದರೆ ಸಣ್ಣದಕ್ಕೂ ಗಾಬರಿಯಾಗುತ್ತಾಳೆ. ಮಗನಿಗೆ ನಾಲ್ಕು ವರ್ಷ, ಮಾತು ತಡ. ಶಾಲಾ ಡಿಸ್ಟ್ರಿಕ್ಟಿನ (ಊರಿನ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸಂಸ್ಥೆಯ) ಪ್ರೀಸ್ಕೂಲಿನಲ್ಲೇ ಸ್ಪೀಚ್ ಥೆರಪಿ ಸಿಗುತ್ತಿದೆ.

ಎರಡು ಮನೆ ನೋಡಿದ್ದೇವೆ. ಮೊದಲನೆಯದು 8.5 ಲಕ್ಷ ಡಾಲರ್, ವರ್ಷಕ್ಕೆ 17,000 ಡಾಲರ್ ತೆರಿಗೆ. ಅಲ್ಲಿನ ಶಾಲೆಗಳ ರೇಟಿಂಗ್ 9 ಮತ್ತು 10, ಕಚೇರಿಗೆ ಒಂದು ಕಡೆಗೇ 100 ನಿಮಿಷ. ಎರಡನೆಯದು 6.5 ಲಕ್ಷ ಡಾಲರ್, ತೆರಿಗೆ 13,000. ಪ್ರಾಥಮಿಕ ಶಾಲೆಗೆ 7, ಹೈಸ್ಕೂಲಿಗೆ 6, ಕಚೇರಿಗೆ 50 ನಿಮಿಷ. ಸ್ನೇಹಿತರೆಲ್ಲ "ಮಕ್ಕಳಿಗಾಗಿ ತಾನೇ ಇಷ್ಟು ದೂರ ಬಂದಿರುವುದು, ಹತ್ತು ಇರುವ ಊರಿಗೇ ಹೋಗಿ" ಎನ್ನುತ್ತಾರೆ. ಏಜೆಂಟರನ್ನು ಶಾಲೆ ಹೇಗೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ, ವೆಬ್‌ಸೈಟ್ ನೋಡಿ ಎನ್ನುತ್ತಾರೆ. ರೇಟಿಂಗ್ ಆರು ಇರುವ ಹೈಸ್ಕೂಲಿಗೆ ಸೇರಿಸಿದರೆ ಮಗಳ ಕಾಲೇಜಿಗೆ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಆರು, ಏಳು ರೇಟಿಂಗಿನ ಶಾಲೆಯಿಂದ ಮಕ್ಕಳ ಭವಿಷ್ಯಕ್ಕೆ ಪೆಟ್ಟು ಬೀಳುತ್ತದೆಯೇ ಎಂಬುದು ಒಂದು. ದುಬಾರಿ ಮನೆ ಬೇಡವೆಂದರೆ ಮಕ್ಕಳಿಗೆ ನಾವೇ ಕಡಿಮೆ ಮಾಡಿದಂತಾಗುತ್ತದೆಯೇ ಎಂಬುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಆದರೆ ನ್ಯೂಜೆರ್ಸಿಯ ಸಾರ್ವಜನಿಕ ಶಾಲೆಗಳಲ್ಲಿ ಸಲಹೆಗಾರಳಾಗಿ ಕೆಲಸ ಮಾಡಿದ ನನಗೆ ಅದು ಪರಿಚಯದ ದನಿ. ನಮ್ಮವರು ಶಾಲೆಯ ವಿಷಯ ಎತ್ತಿದಾಗಲೆಲ್ಲ ಅದರ ಹಿಂದೆ ಈ ಅಳುಕು ಇರುತ್ತದೆ. ನೀವು ಕೊಟ್ಟ ವಿವರಗಳನ್ನು ನೋಡಿದರೆ ನನ್ನ ಒಲವು ಎರಡನೇ ಮನೆಯ ಕಡೆಗಿದೆ. ಅದಕ್ಕೆ ಕಾರಣವನ್ನೂ, ಯಾವ ಸಂಗತಿ ತಿಳಿದುಬಂದರೆ ನನ್ನ ಅಭಿಪ್ರಾಯ ಬದಲಾಗುತ್ತದೆ ಎಂಬುದನ್ನೂ ಹೇಳುತ್ತೇನೆ.

ಮೊದಲು ಏಜೆಂಟರ ಮೌನದ ವಿಷಯ. ಅವರು ನಿಮ್ಮಿಂದ ಏನನ್ನೂ ಮುಚ್ಚಿಡುತ್ತಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ, ಜನಾಂಗ, ಧರ್ಮ, ಮೂಲದೇಶಗಳ ಆಧಾರದ ಮೇಲೆ ಗಿರಾಕಿಗಳನ್ನು ಒಂದು ಬಡಾವಣೆಯತ್ತ ತಳ್ಳುವುದು, ಇನ್ನೊಂದರಿಂದ ದೂರವಿಡುವುದು ಕಾನೂನುಬಾಹಿರ. "ಅಲ್ಲಿ ಶಾಲೆ ಚೆನ್ನಾಗಿದೆ, ಇಲ್ಲಿ ಚೆನ್ನಾಗಿಲ್ಲ" ಎಂಬ ಮಾತಿನ ಮರೆಯಲ್ಲಿ ಈ ದೇಶದಲ್ಲಿ ಬಹಳ ಕಾಲ ನಡೆದದ್ದು ಅದೇ. ಹಾಗಾಗಿ ಎಚ್ಚರಿಕೆಯ ಏಜೆಂಟರು ಶಾಲೆಯ ಗುಣಮಟ್ಟದ ಬಗ್ಗೆ ಮಾತಾಡದೆ ವೆಬ್‌ಸೈಟ್ ತೋರಿಸಿ ಸುಮ್ಮನಾಗುತ್ತಾರೆ. ಇದರಿಂದ ಕೊಳ್ಳುವವರ ಕೈಗೆ ಸಿಗುವುದು ಕೊನೆಗೆ ಒಂದೇ ಒಂದು ಅಂಕಿ.

ಊರಿನಲ್ಲಿ ನಾವು ಮೊದಲು ಶಾಲೆ ಆರಿಸಿ, ಡೊನೇಷನ್ ಕಟ್ಟಿ, ಆಮೇಲೆ ಶಾಲೆಯ ವ್ಯಾನ್ ನಮ್ಮ ಬೀದಿಗೆ ಬರುತ್ತದೆಯೇ ಎಂದು ವಿಚಾರಿಸುತ್ತೇವೆ. ಇಲ್ಲಿ ಮನೆಯ ವಿಳಾಸವೇ ಸೀಟು. ನ್ಯೂಜೆರ್ಸಿಯಂಥ ಪುಟ್ಟ ರಾಜ್ಯದಲ್ಲಿ ಸುಮಾರು 600 ಶಾಲಾ ಡಿಸ್ಟ್ರಿಕ್ಟ್‌ಗಳಿವೆ. ಉಪನಗರಗಳಲ್ಲಿ ಅವು ಹೆಚ್ಚಾಗಿ ನಡೆಯುವುದು ತಮ್ಮ ಗಡಿಯೊಳಗಿನ ಮನೆಗಳ ತೆರಿಗೆಯಿಂದ. ರಾಜ್ಯದಲ್ಲಿ ಒಂದು ಮನೆಯ ಸರಾಸರಿ ಆಸ್ತಿ ತೆರಿಗೆ 2024ರಲ್ಲಿ 10,000 ಡಾಲರ್ ದಾಟಿತು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೋಗುವುದು ಶಾಲೆಗೆ. ಶ್ರೀಮಂತ ಡಿಸ್ಟ್ರಿಕ್ಟಿಗೆ ಹೆಚ್ಚು ಹಣ, ಬಡ ಡಿಸ್ಟ್ರಿಕ್ಟಿಗೆ ಕಡಿಮೆ ಎಂಬ ಈ ಏರ್ಪಾಟು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1973ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಮಾತ್ರ ಆ್ಯಬಟ್ ಪ್ರಕರಣದ ಸರಣಿ ತೀರ್ಪುಗಳಲ್ಲಿ ಬಡ ನಗರಗಳ ಶಾಲೆಗಳಿಗೆ ರಾಜ್ಯವೇ ಹಣ ತುಂಬಿಕೊಡಬೇಕೆಂದು ಪಟ್ಟು ಹಿಡಿಯಿತು. ಅದು ಈ ರಾಜ್ಯದ ಹೆಮ್ಮೆಯ ಸಂಗತಿ. ಉಪನಗರಗಳ ನಡುವಿನ ಪೈಪೋಟಿ ಮಾತ್ರ ಅದರಿಂದ ನಿಲ್ಲಲಿಲ್ಲ.

ಪರೀಕ್ಷೆಯ ಅಂಕಗಳು ಮನೆಯ ಬೆಲೆಗೆ ಹೇಗೆ ಅಂಟಿಕೊಳ್ಳುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಸ್ಯಾಂಡ್ರಾ ಬ್ಲ್ಯಾಕ್ 1999ರಲ್ಲಿ ಅಚ್ಚುಕಟ್ಟಾಗಿ ತೋರಿಸಿದರು. ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ, ಶಾಲೆಯ ಗಡಿರೇಖೆಯ ಆಚೀಚೆ ಇರುವ ಮನೆಗಳನ್ನಷ್ಟೇ ಹೋಲಿಸಿದರು. ಒಂದೇ ಬಡಾವಣೆ, ಅದೇ ತರಹದ ಮನೆಗಳು, ಶಾಲೆ ಮಾತ್ರ ಬೇರೆ. ಶಾಲೆಯ ಪರೀಕ್ಷಾ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ಜನ ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಅಂದರೆ ಮೊದಲನೇ ಮನೆಗೆ ನೀವು ಕೊಡುವ ಹೆಚ್ಚುವರಿ ಹಣದಲ್ಲಿ ಒಂದು ಪಾಲು ಗೋಡೆಗೂ ಅಲ್ಲ, ಹಿತ್ತಲಿಗೂ ಅಲ್ಲ, ಆ ಅಂಕಿಗೆ. ಹಾಗಿದ್ದ ಮೇಲೆ ಆ ಅಂಕಿ ಏನನ್ನು ಅಳೆಯುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

ಮನೆ ಮಾರಾಟದ ವೆಬ್‌ಸೈಟ್ ಝಿಲ್ಲೋದಲ್ಲಿ ಮನೆಯ ಚಿತ್ರಗಳ ಕೆಳಗೆ ಕಾಣುವ ಒಂದರಿಂದ ಹತ್ತರವರೆಗಿನ ಅಂಕಿ ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆಯದು. ಅದಕ್ಕೆ ಬಹುಮಟ್ಟಿಗೆ ರಾಜ್ಯದ ಪರೀಕ್ಷೆಗಳ ಅಂಕಗಳೇ ಆಧಾರ. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದುವರಿದರು ಎಂಬುದಕ್ಕೆ 2020ರಲ್ಲಿ ಹೆಚ್ಚು ತೂಕ ಕೊಟ್ಟರು. ಅದು ಒಳ್ಳೆಯ ಬದಲಾವಣೆಯೇ. ಆದರೂ ಒಂದು ದಿನ, ಒಂದು ಪರೀಕ್ಷೆಯಲ್ಲಿ ಮಗು ಪಡೆಯುವ ಅಂಕದಲ್ಲಿ ಶಾಲೆಯ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 1966ರಲ್ಲಿ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಅಮೆರಿಕ ಸರ್ಕಾರ ಮಾಡಿಸಿದ ದೊಡ್ಡ ಅಧ್ಯಯನ, ಮಕ್ಕಳ ಅಂಕಗಳಿಗೂ ಮನೆಯ ಹಿನ್ನೆಲೆಗೂ ಇರುವ ನಂಟು ಶಾಲೆಯ ಸೌಲಭ್ಯಗಳೊಂದಿಗಿನ ನಂಟಿಗಿಂತ ಬಲವಾದದ್ದು ಎಂದು ತೋರಿಸಿತು. ಅದರ ವಿವರಗಳ ಬಗ್ಗೆ ಇಂದಿಗೂ ವಾದವಿದೆ, ಮೂಲ ಮಾತು ಮಾತ್ರ ಬಿದ್ದುಹೋಗಿಲ್ಲ. ತಂದೆ ತಾಯಿ ಇಬ್ಬರೂ ಎಂಜಿನಿಯರುಗಳಾಗಿರುವ ಮನೆಗಳೇ ತುಂಬಿರುವ ಊರಿನಲ್ಲಿ ಶಾಲೆ ಸುಮ್ಮನೆ ಕುಳಿತರೂ ರೇಟಿಂಗ್ ಒಂಬತ್ತಕ್ಕಿಂತ ಕೆಳಗಿಳಿಯುವುದು ಕಷ್ಟ.

ನಮ್ಮವರು ಹೆಚ್ಚಾಗಿರುವ ಊರುಗಳಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ವಾರದ ದಿನ ಸಂಜೆ ಏಳಕ್ಕೆ ಅಂಥ ಊರಿನ ಯಾವುದಾದರೂ ಅಂಗಡಿಸಾಲಿನ ಮುಂದೆ ಕಾರು ನಿಲ್ಲಿಸಿ ನೋಡಿ. ದಿನಸಿ ಅಂಗಡಿಯ ಪಕ್ಕದಲ್ಲೇ ಕುಮಾನ್ ಟ್ಯೂಷನ್ ಕೇಂದ್ರ, ಅದರಾಚೆ ಇನ್ನೊಂದು ಗಣಿತದ ತರಗತಿ. ಬಾಗಿಲು ತೆರೆದಾಗಲೆಲ್ಲ ಕೈಯಲ್ಲಿ ವರ್ಕ್‌ಶೀಟಿನ ಚೀಲ ಹಿಡಿದ ಮಕ್ಕಳು ಹೊರಬಂದು ತಮ್ಮ ತಮ್ಮ ಕಾರು ಹುಡುಕುತ್ತಾರೆ. ಅಲ್ಲಿ ಕಲಿತ ಭಿನ್ನರಾಶಿಯ ಅಂಕ ಶಾಲೆಯ ಲೆಕ್ಕಕ್ಕೇ ಜಮೆಯಾಗುತ್ತದೆ. ಈಗ ಎರಡನೇ ಊರಿನಲ್ಲಿದ್ದುಕೊಂಡು ನೀವು ಮಗಳ ಓದಿನ ಮೇಲೆ ಇಷ್ಟೇ ನಿಗಾ ಇಟ್ಟರೆ ಅವಳ ಅಂಕ ಶಾಲೆಯ ಸರಾಸರಿಯಂತೆ ಇರಬೇಕಾಗಿಲ್ಲ. ಸರಾಸರಿ ಊರಿನದು, ಮಗು ನಿಮ್ಮದು.

ಹಾಗಾದರೆ ಶಾಲೆಯಿಂದ ಏನೂ ವ್ಯತ್ಯಾಸವಿಲ್ಲವೇ? ಖಂಡಿತ ಇದೆ. ಅದನ್ನು ಕಾಣಲು ಬೇರೆ ಕಡೆ ಕಣ್ಣು ಹಾಯಿಸಬೇಕು. ನ್ಯೂಜೆರ್ಸಿ ಶಿಕ್ಷಣ ಇಲಾಖೆ ಪ್ರತಿಯೊಂದು ಶಾಲೆಗೂ ವರ್ಷಕ್ಕೊಂದು ಸಾಧನಾ ವರದಿ ಹೊರತರುತ್ತದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಅದರಲ್ಲಿ ವಿದ್ಯಾರ್ಥಿ ಬೆಳವಣಿಗೆಯ ಪರ್ಸೆಂಟೈಲ್ ಎಂಬ ಅಂಕಿ ಇರುತ್ತದೆ. ಹಿಂದಿನ ವರ್ಷಗಳಲ್ಲಿ ಇದೇ ಮಟ್ಟದ ಅಂಕ ಪಡೆದಿದ್ದ ರಾಜ್ಯದ ಇತರ ಮಕ್ಕಳಿಗೆ ಹೋಲಿಸಿದರೆ ಈ ಶಾಲೆಯ ಮಕ್ಕಳು ಈ ವರ್ಷ ಎಷ್ಟು ಮುಂದೆ ಬಂದರು ಎಂಬುದನ್ನು ಅದು ಹೇಳುತ್ತದೆ. 50 ಎಂದರೆ ರಾಜ್ಯದ ನಡುಮಟ್ಟ. 40ರಿಂದ 60ರ ಒಳಗಿದ್ದರೆ ಸಾಮಾನ್ಯ, ಅದಕ್ಕಿಂತ ಮೇಲಿದ್ದರೆ ಆ ಶಾಲೆಯಲ್ಲಿ ನಿಜವಾಗಿ ಪಾಠ ನಡೆಯುತ್ತಿದೆ. ರೇಟಿಂಗ್ 10 ಇದ್ದು ಬೆಳವಣಿಗೆ 45ರಲ್ಲೇ ನಿಂತ ಶಾಲೆಗಳಿವೆ, ರೇಟಿಂಗ್ 6 ಇದ್ದು 60 ದಾಟಿದವೂ ಇವೆ. ಒಂದೇ ವರ್ಷದ ಅಂಕಿಯನ್ನು ನಂಬಬೇಡಿ, ಸಣ್ಣ ಶಾಲೆಯಲ್ಲಿ ಅದು ತೂಗುಯ್ಯಾಲೆಯಂತೆ ಏರಿಳಿಯುತ್ತದೆ. ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ.

ಅದೇ ವರದಿಯಲ್ಲಿ ನಾನು ತಪ್ಪದೆ ನೋಡುವ ಸಾಲು ಇನ್ನೊಂದಿದೆ: ಕಡಿಮೆ ಆದಾಯದ ಮನೆಗಳ ಮಕ್ಕಳ ಫಲಿತಾಂಶ. ಟ್ಯೂಷನ್‌ಗೆ ಹಣವಿಲ್ಲದ, ಮನೆಯಲ್ಲಿ ಪಾಠ ಹೇಳಿಕೊಡಲು ಪುರುಸೊತ್ತಿಲ್ಲದ ಮಕ್ಕಳು ಅಲ್ಲಿ ಚೆನ್ನಾಗಿ ಕಲಿಯುತ್ತಿದ್ದರೆ ಆ ಕೀರ್ತಿ ಬಹುಪಾಲು ಶಾಲೆಗೇ ಸಲ್ಲಬೇಕು. ಎರಡೂ ಊರುಗಳ ಈ ಒಂದು ಸಾಲನ್ನು ಹೋಲಿಸಿ ನೋಡಿ. ಶೇ. 10 ಅಥವಾ ಅದಕ್ಕಿಂತ ಹೆಚ್ಚು ದಿನ ಗೈರಾಗುವ ಮಕ್ಕಳ ಪ್ರಮಾಣ, ಶಿಕ್ಷಕರ ಸೇವಾ ಅನುಭವ, ಇವೂ ಅಲ್ಲೇ ಸಿಗುತ್ತವೆ.

ಈಗ ಕಾಲೇಜಿನ ಮಾತು. ಹೈಸ್ಕೂಲಿನ ರೇಟಿಂಗ್ ಆರು ಎಂಬ ಕಾರಣಕ್ಕೆ ಯಾವ ಕಾಲೇಜೂ ಅರ್ಜಿಯನ್ನು ಬದಿಗಿಡುವುದಿಲ್ಲ. ಅರ್ಜಿಯ ಜೊತೆಗೆ ಹೈಸ್ಕೂಲು ತನ್ನ ಪರಿಚಯ ಪತ್ರವನ್ನೂ ಕಳಿಸುತ್ತದೆ: ಇಲ್ಲಿ ಯಾವ ಯಾವ ಕಠಿಣ ಕೋರ್ಸುಗಳಿವೆ, ಗ್ರೇಡು ಹೇಗೆ ಕೊಡುತ್ತೇವೆ ಎಂಬ ವಿವರ. ಶಾಲೆಯಲ್ಲಿ ಸಿಕ್ಕ ಅವಕಾಶವನ್ನು ಈ ವಿದ್ಯಾರ್ಥಿ ಎಷ್ಟು ಬಳಸಿಕೊಂಡಳು ಎಂಬುದನ್ನು ಕಾಲೇಜು ನೋಡುತ್ತದೆ. ಆದ್ದರಿಂದ ನೀವು ಕೇಳಬೇಕಾದ್ದು ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ಕ್ಯಾಲ್ಕುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ಅಲ್ಲಿ ಪ್ರತಿವರ್ಷ ನಡೆಯುತ್ತವೆಯೇ, ಅಥವಾ ಪಟ್ಟಿಯಲ್ಲಿ ಮಾತ್ರ ಇವೆಯೇ ಎಂದು. ನಿಮ್ಮ ಪರಿಚಯದವರು ಟೆಕ್ಸಸ್‌ನಲ್ಲಿದ್ದರೆ ಅವರ ಲೆಕ್ಕವೇ ಬೇರೆ. ಅಲ್ಲಿ 1997ರ ಕಾನೂನಿನಂತೆ ತರಗತಿಯ ಮೊದಲ ಶೇ. 10ರೊಳಗಿನ ವಿದ್ಯಾರ್ಥಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ (ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಮಿತಿ ಇನ್ನೂ ಬಿಗಿ). ಹಾಗಾಗಿ ತೀವ್ರ ಪೈಪೋಟಿಯ ಹೈಸ್ಕೂಲಿಗೆ ಹೋಗುವುದೇ ಅಲ್ಲಿ ನಷ್ಟಕ್ಕೆ ದಾರಿಯಾಗಬಹುದು. ನ್ಯೂಜೆರ್ಸಿಯಲ್ಲಿ ಅಂಥ ನಿಯಮವಿಲ್ಲ. ಆದರೆ ತರಗತಿಯ ಮೊದಲ ಶೇ. 15ರೊಳಗೆ ಬಂದವರಿಗೆ ಕೌಂಟಿ (ನಮ್ಮ ಜಿಲ್ಲೆಯಂಥದು) ಕಾಲೇಜಿನ ಬೋಧನಾ ಶುಲ್ಕ ಭರಿಸುವ ಎನ್‌ಜೆ ಸ್ಟಾರ್ಸ್ ಯೋಜನೆ ಇದೆ.

ಬಹಳ ಪೋಷಕರಿಗೆ ಗೊತ್ತಿರದ ಇನ್ನೊಂದು ಬಾಗಿಲೆಂದರೆ ಕೌಂಟಿಗಳು ನಡೆಸುವ ಅಕಾಡೆಮಿಗಳು. ಹ್ಯಾಕೆನ್ಸಾಕ್‌ನ ಬರ್ಗೆನ್ ಕೌಂಟಿ ಅಕಾಡೆಮೀಸ್, ಈಗ ನೀವಿರುವ ಎಡಿಸನ್‌ನಲ್ಲೇ ಇರುವ ಮಿಡ್ಲ್‌ಸೆಕ್ಸ್ ಕೌಂಟಿ ಅಕಾಡೆಮಿ, ಲಿಂಕ್ರಾಫ್ಟ್‌ನ ಹೈ ಟೆಕ್ನಾಲಜಿ ಹೈಸ್ಕೂಲ್ ಈ ಸಾಲಿನವು. ಇವು ಸಾರ್ವಜನಿಕ ಶಾಲೆಗಳು, ಶುಲ್ಕವಿಲ್ಲ. ಎಂಟನೇ ತರಗತಿಯಲ್ಲಿ ಅರ್ಜಿ ಹಾಕಿ ಆಯ್ಕೆಯಾಗಬೇಕು. ಸೀಟು ಕಡಿಮೆ, ಅದನ್ನೇ ನೆಚ್ಚಿಕೊಂಡು ಮನೆ ಕೊಳ್ಳಬೇಡಿ. ಆದರೆ ಕೌಂಟಿಯ ಯಾವ ಊರಿನಲ್ಲಿದ್ದರೂ ಅರ್ಜಿ ಹಾಕಬಹುದು ಎಂಬುದು ತಿಳಿದಿರಲಿ.

ನಿಮ್ಮ ಮಗಳ ಗಾಬರಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2015ರಲ್ಲಿ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಡಿಸ್ಟ್ರಿಕ್ಟಿನ ಮುಖ್ಯಸ್ಥರು ಪೋಷಕರಿಗೆ 16 ಪುಟದ ಪತ್ರ ಬರೆದರು. ಹಿಂದಿನ ಶಾಲಾವರ್ಷದಲ್ಲಿ 120 ಮಾಧ್ಯಮಿಕ ಮತ್ತು ಹೈಸ್ಕೂಲು ವಿದ್ಯಾರ್ಥಿಗಳನ್ನು ಮಾನಸಿಕ ಆರೋಗ್ಯ ತಪಾಸಣೆಗೆ ಶಿಫಾರಸು ಮಾಡಬೇಕಾಯಿತು, 40 ಮಂದಿ ಆಸ್ಪತ್ರೆಗೆ ದಾಖಲಾದರು ಎಂದು ಅದರಲ್ಲಿತ್ತು. ರಾಜ್ಯದ ಅತ್ಯಂತ ಹೆಸರುವಾಸಿ ಡಿಸ್ಟ್ರಿಕ್ಟ್‌ಗಳಲ್ಲಿ ಅದೂ ಒಂದು. ಅವರು ಹೈಸ್ಕೂಲಿನ ಮಧ್ಯಂತರ ಹಾಗೂ ಅಂತಿಮ ಪರೀಕ್ಷೆಗಳನ್ನು ಕೈಬಿಟ್ಟರು, ಹೋಂವರ್ಕ್ ಇಲ್ಲದ ರಾತ್ರಿಗಳನ್ನು ತಂದರು. ಊರು ಎರಡು ಹೋಳಾಯಿತು. ವಿರೋಧಿಸಿದವರಲ್ಲಿ ನಮ್ಮಂಥ ವಲಸಿಗ ಪೋಷಕರು ಬಹಳ ಮಂದಿ ಇದ್ದರು. ಸಮಸ್ಯೆಯನ್ನು ಮುಚ್ಚಿಡದೆ ಎದುರಿಸಿದ ಆ ಡಿಸ್ಟ್ರಿಕ್ಟಿನ ಬಗ್ಗೆ ನನಗೆ ಗೌರವವಿದೆ. ರಾಬರ್ಟ್ ವುಡ್ ಜಾನ್ಸನ್ ಫೌಂಡೇಷನ್‌ನ 2018ರ ವರದಿ ಹದಿಹರೆಯದವರ ಮಾನಸಿಕ ಆರೋಗ್ಯಕ್ಕೆ ಹಾನಿ ಮಾಡುವ ಸನ್ನಿವೇಶಗಳ ಸಾಲಿನಲ್ಲಿ ಬಡತನ, ಆಘಾತ, ತಾರತಮ್ಯದ ಜೊತೆಗೆ ಸಾಧಿಸಲೇಬೇಕೆಂಬ ಅತಿಯಾದ ಒತ್ತಡವನ್ನೂ ಸೇರಿಸಿತು. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ತೋರಿಸುತ್ತ ಬಂದಿರುವುದೂ ಇದಕ್ಕೆ ಹತ್ತಿರದ ಸಂಗತಿ: ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ, ಅತಿ ಬುದ್ಧಿವಂತರ ನಡುವೆ ಕೂತ ಮಗುವಿಗೆ ತನ್ನ ಓದಿನ ಬಗ್ಗೆ ಇರುವ ವಿಶ್ವಾಸ ಕಡಿಮೆ. ಕೆಲವು ಮಕ್ಕಳಿಗೆ ಪೈಪೋಟಿಯೇ ಊಟ, ಅವರು ಅಲ್ಲಿ ಅರಳುತ್ತಾರೆ. ನಿಮ್ಮ ಮಗಳು ಅಂಥವಳಲ್ಲ ಎಂದು ನೀವೇ ಬರೆದಿದ್ದೀರಿ.

ಅವಳ ವಿಷಯದಲ್ಲಿ ಎರಡೂ ಊರುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ. ಗಣಿತದ ಮುಂದುವರಿದ ತರಗತಿಗೆ ಮಕ್ಕಳನ್ನು ಯಾವಾಗ ಬೇರ್ಪಡಿಸುತ್ತಾರೆ, ಹೇಗೆ? ಎಂಟನೇ ತರಗತಿಯಲ್ಲಿ ಆಲ್ಜೀಬ್ರಾ ಮುಗಿಸುವ ದಾರಿ ಹಲವು ಕಡೆ ಐದು, ಆರನೇ ತರಗತಿಯಲ್ಲೇ ತೀರ್ಮಾನವಾಗಿಬಿಡುತ್ತದೆ. ಒಂದೇ ಪರೀಕ್ಷೆಯ ಮೇಲೋ, ಶಿಕ್ಷಕರ ಅಭಿಪ್ರಾಯವೂ ಸೇರಿಯೋ, ಆಗ ತಪ್ಪಿದ ಮಗು ಒಂದು ವರ್ಷ ಬಿಟ್ಟು ಸೇರಬಹುದೋ? ಗಾಬರಿಯ ಮಗುವಿಗೆ ಹತ್ತು ಮತ್ತು ಏಳರ ವ್ಯತ್ಯಾಸಕ್ಕಿಂತ ಇದು ದೊಡ್ಡದು.

ಮಗನ ವಿಷಯದಲ್ಲಂತೂ ರೇಟಿಂಗಿನಿಂದ ಏನೂ ತಿಳಿಯುವುದಿಲ್ಲ. ಅಂಗವೈಕಲ್ಯ ಅಥವಾ ಬೆಳವಣಿಗೆಯ ವಿಳಂಬವಿರುವ ಮಕ್ಕಳಿಗೆ ಸೂಕ್ತ ಶಿಕ್ಷಣ ಕೊಡಬೇಕೆಂಬ 1975ರ ಕೇಂದ್ರ ಕಾನೂನು ಎಲ್ಲ ಡಿಸ್ಟ್ರಿಕ್ಟ್‌ಗಳಿಗೂ ಒಂದೇ. ಅದನ್ನು ಪಾಲಿಸುವ ಬಗೆ ಮಾತ್ರ ಊರಿಗೊಂದು. ಅವನ ಐಇಪಿ (ಅವನಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ) ನೀವು ಹೋದಲ್ಲೆಲ್ಲ ಜೊತೆಗೆ ಬರುತ್ತದೆ. ಹೊಸ ಡಿಸ್ಟ್ರಿಕ್ಟ್ ತನ್ನದೇ ಐಇಪಿ ರೂಪಿಸುವವರೆಗೆ ಈಗಿನದಕ್ಕೆ ಸಮನಾದ ಸೇವೆ ಕೊಡಲೇಬೇಕು. ಆದರೆ ಒಂದು ಸೂಕ್ಷ್ಮ ಸಮಯ ಹತ್ತಿರದಲ್ಲಿದೆ. ಪ್ರೀಸ್ಕೂಲಿನಿಂದ ಕಿಂಡರ್‌ಗಾರ್ಟನ್‌ಗೆ ಹೋಗುವ ಮುನ್ನ ಮಗುವನ್ನು ಮತ್ತೆ ಪರೀಕ್ಷಿಸಿ ಸೇವೆ ಮುಂದುವರಿಸಬೇಕೇ ಎಂದು ನಿರ್ಧರಿಸುತ್ತಾರೆ. ಆ ನಡುವೆಯೇ ಮನೆ ಬದಲಿಸಿದರೆ ಕಾಗದಪತ್ರ ಎರಡು ಕಚೇರಿಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಸಾಧ್ಯವಾದರೆ ಈಗಿನ ಡಿಸ್ಟ್ರಿಕ್ಟಿನಲ್ಲೇ ಆ ಮೌಲ್ಯಮಾಪನ ಮುಗಿಸಿ, ಲಿಖಿತ ವರದಿ ಕೈಗೆ ಬಂದ ಮೇಲೆ ಹೊರಡಿ.

ಈಗ ಹಣ. ಶೇ. 20 ಮುಂಗಡ, ಶೇ. 6.5 ಬಡ್ಡಿ, 30 ವರ್ಷದ ಸಾಲ ಎಂದು ಹಿಡಿದರೆ ಮೊದಲನೇ ಮನೆಯ ಕಂತು ತಿಂಗಳಿಗೆ ಸುಮಾರು 4,300 ಡಾಲರ್, ಎರಡನೆಯದು 3,290. ತೆರಿಗೆಯ ವ್ಯತ್ಯಾಸವೂ ಸೇರಿ ತಿಂಗಳಿಗೆ ಹೆಚ್ಚುಕಡಿಮೆ 1,350, ವರ್ಷಕ್ಕೆ 16,000 ಡಾಲರ್. ಮುಂಗಡದಲ್ಲಿ 40,000 ಬೇರೆ. ಕೆಲಸ ಹೋದರೆ ಎಚ್-1ಬಿಯವರಿಗೆ ಇನ್ನೊಂದು ದಾರಿ ಹುಡುಕಿಕೊಳ್ಳಲು 60 ದಿನ ಕಾಲಾವಕಾಶ. ಐ-140 ಆಗಿರುವುದರಿಂದ ಆರು ವರ್ಷ ಮೀರಿಯೂ ವೀಸಾ ವಿಸ್ತರಣೆ ಸಿಗುತ್ತದೆ, ಸರಿ. ಆದರೆ ಅದಕ್ಕೂ ಕೆಲಸ ಬೇಕು. ಆ 16,000 ಡಾಲರ್ ಕಂತಿಗೆ ಹೋಗದೆ ಬ್ಯಾಂಕಿನಲ್ಲಿದ್ದರೆ ಅಂಥ ಹೊತ್ತಿನಲ್ಲಿ ನಿಮಗೆ ಉಸಿರಾಡಲು ಸಮಯ ಕೊಡುತ್ತದೆ. ಅಷ್ಟೇ ಮುಖ್ಯವಾದದ್ದು ಪ್ರಯಾಣ. ದಿನಕ್ಕೆ 100 ನಿಮಿಷ ಹೆಚ್ಚು, ವಾರಕ್ಕೆ ಆರೂವರೆ ಗಂಟೆಗೂ ಮೀರಿ. ಮಾತು ಕಲಿಯುತ್ತಿರುವ ನಾಲ್ಕು ವರ್ಷದ ಹುಡುಗನಿಗೆ ರಾತ್ರಿ ಊಟದ ಹೊತ್ತಿಗೆ ಅಪ್ಪ ಮನೆಯಲ್ಲಿರುವುದು ಬೇಕು. ಅದು ಯಾವ ರೇಟಿಂಗಿನಲ್ಲೂ ಸೇರುವುದಿಲ್ಲ.

ಎರಡನೇ ಮನೆಯಲ್ಲೂ ಅಪಾಯಗಳಿವೆ. ರೇಟಿಂಗ್ ಕಡಿಮೆಯಿರುವ ಊರಿನ ಮನೆ ಮಾರುಕಟ್ಟೆ ತಣ್ಣಗಾದಾಗ ಮಾರಾಟವಾಗಲು ತಡವಾಗಬಹುದು. ಹೈಸ್ಕೂಲಿನಲ್ಲಿ ಕಠಿಣ ಕೋರ್ಸುಗಳು ಕಡಿಮೆಯಿದ್ದರೆ ಎಂಟನೇ ತರಗತಿಯ ಹೊತ್ತಿಗೆ ಮತ್ತೆ ಮನೆ ಹುಡುಕುವ ಪ್ರಸಂಗ ಬರಬಹುದು. ಶಾಲಾ ಅನುದಾನದ ಸೂತ್ರ ಬದಲಿಸಿದ 2018ರ ಕಾನೂನಿನಿಂದ ಕೆಲವು ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯದ ನೆರವು ವರ್ಷವರ್ಷವೂ ಇಳಿಯಿತು. ನೀವು ನೋಡಿದ ಊರು ಆ ಪಟ್ಟಿಯಲ್ಲಿತ್ತೇ ಎಂದು ತಿಳಿಯಬೇಕು. ಇದಕ್ಕೆ ಶಾಲಾ ಮಂಡಳಿಯ ಸಭೆಗಳ ನಡಾವಳಿಯೇ ಒಳ್ಳೆಯ ಮೂಲ. ಕಳೆದ ಒಂದು ವರ್ಷದ್ದನ್ನು ಓದಿದರೆ ಯಾವ ಹುದ್ದೆ ಕಡಿತವಾಯಿತು, ಯಾವ ಶಾಲೆಯಲ್ಲಿ ಮಕ್ಕಳು ಕಿಕ್ಕಿರಿದಿದ್ದಾರೆ, ಗಡಿ ಬದಲಿಸುವ ಮಾತು ಎದ್ದಿದೆಯೇ ಎಲ್ಲ ತಿಳಿಯುತ್ತದೆ. ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿರುವ ಊರಿನಲ್ಲಿ ಈ ಗಡಿಯ ಮಾತು ಬಂದೇ ಬರುತ್ತದೆ. ಇಂದು ಹತ್ತರ ಶಾಲೆಗೆ ಸೇರಿದ ಬೀದಿ ನಾಳೆ ಇನ್ನೊಂದಕ್ಕೆ ಸೇರಬಹುದು.

ಅಂಚೆ ವಿಳಾಸವನ್ನಂತೂ ನಂಬಲೇಬೇಡಿ. ಪ್ರಿನ್ಸ್‌ಟನ್ ಎಂದು ವಿಳಾಸವಿರುವ ಎಷ್ಟೋ ಮನೆಗಳು ವಾಸ್ತವದಲ್ಲಿ ಸೌತ್ ಬ್ರನ್ಸ್‌ವಿಕ್, ವೆಸ್ಟ್ ವಿಂಡ್ಸರ್ ಅಥವಾ ಲಾರೆನ್ಸ್‌ಗೆ ಸೇರಿವೆ. ಅಲ್ಲಿನ ಮಕ್ಕಳು ಪ್ರಿನ್ಸ್‌ಟನ್ ಶಾಲೆಗೆ ಹೋಗುವುದಿಲ್ಲ. ಕ್ರಾನ್‌ಬರಿ ಊರೇ ಬೇರೆ, ಆದರೆ ಅಲ್ಲಿನ ಹೈಸ್ಕೂಲು ವಿದ್ಯಾರ್ಥಿಗಳು ಹೋಗುವುದು ಪ್ರಿನ್ಸ್‌ಟನ್ ಹೈಸ್ಕೂಲಿಗೆ. ಮನೆಯ ಸಂಖ್ಯೆ, ಬೀದಿಯ ಹೆಸರು ಹೇಳಿ ಡಿಸ್ಟ್ರಿಕ್ಟಿನ ನೋಂದಣಿ ಕಚೇರಿಯಿಂದಲೇ ಇಮೇಲ್‌ನಲ್ಲಿ ಉತ್ತರ ಪಡೆಯಿರಿ.

ಮೂರನೇ ದಾರಿಯೂ ಒಂದಿದೆ: ಎರಡನೇ ಊರಿನಲ್ಲೇ ಒಂದು ವರ್ಷ ಬಾಡಿಗೆಗೆ ಇರುವುದು. ಬಾಡಿಗೆದಾರರ ಮಕ್ಕಳಿಗೂ ಮನೆ ಮಾಲೀಕರ ಮಕ್ಕಳಿಗೂ ಸಾರ್ವಜನಿಕ ಶಾಲೆಯಲ್ಲಿ ಒಂದೇ ಹಕ್ಕು, ವೀಸಾ ಸ್ಥಿತಿಯನ್ನು ಕೇಳಿ ಸೇರಿಸಿಕೊಳ್ಳುವಂತಿಲ್ಲ. ಆ ವರ್ಷದಲ್ಲಿ ಮನೆಯ ಬೆಲೆ ಏರಬಹುದು. ಮುಂದೆ ಅದೇ ಊರಿನಲ್ಲಿ ಬೇರೆ ಶಾಲೆಯ ವ್ಯಾಪ್ತಿಯಲ್ಲಿ ಮನೆ ಸಿಕ್ಕರೆ ಮಗಳು ಇನ್ನೊಮ್ಮೆ ಶಾಲೆ ಬದಲಿಸಬೇಕಾಗುತ್ತದೆ. ಅವಳ ಸ್ವಭಾವಕ್ಕೆ ಅದು ಸಣ್ಣ ವಿಷಯವಲ್ಲ. ಗ್ರೀನ್ ಕಾರ್ಡ್ ಅಥವಾ ಕೆಲಸದ ಬಗ್ಗೆ ಮನಸ್ಸಿನಲ್ಲಿ ಅನುಮಾನವಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ನನ್ನ ಅಭಿಪ್ರಾಯ ಬದಲಾಗುವುದು ಮೂರು ಸಂದರ್ಭಗಳಲ್ಲಿ: ಎರಡನೇ ಊರಿನ ಪ್ರಾಥಮಿಕ ಶಾಲೆಯ ಬೆಳವಣಿಗೆಯ ಅಂಕಿ ಮೂರು ವರ್ಷವೂ 40ಕ್ಕಿಂತ ಕೆಳಗಿದ್ದರೆ, ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ತರಗತಿ ನಡೆಯದಿದ್ದರೆ, ಅಥವಾ ಸ್ಪೀಚ್ ಥೆರಪಿಸ್ಟ್ ಹುದ್ದೆ ಖಾಲಿ ಬಿದ್ದಿದ್ದರೆ. ಕೊನೆಯದನ್ನು ಮೊದಲು ವಿಚಾರಿಸಿ. ಈ ವಾರವೇ ಆ ಡಿಸ್ಟ್ರಿಕ್ಟಿನ ಚೈಲ್ಡ್ ಸ್ಟಡಿ ಟೀಮಿಗೆ (ವಿಶೇಷ ಶಿಕ್ಷಣದ ಮೌಲ್ಯಮಾಪನ ಮಾಡುವ ತಂಡಕ್ಕೆ) ಫೋನ್ ಮಾಡಿ, ಥೆರಪಿಸ್ಟ್ ಡಿಸ್ಟ್ರಿಕ್ಟಿನ ಕಾಯಂ ನೌಕರರೋ ಗುತ್ತಿಗೆಯವರೋ, ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಕಿಂಡರ್‌ಗಾರ್ಟನ್ ಮಕ್ಕಳಿಗೆ ಸೇವೆ ಅದೇ ಶಾಲೆಯಲ್ಲಿ ಸಿಗುತ್ತದೆಯೋ ಬೇರೆ ಕಟ್ಟಡಕ್ಕೆ ಕಳಿಸುತ್ತಾರೋ ಎಂದು ಕೇಳಿ. ಫೋನ್ ಎತ್ತಿದವರು ನಿಮ್ಮ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಿದರೋ, ಹೆಸರು ಬರೆದುಕೊಂಡು ಮತ್ತೆ ಕರೆ ಮಾಡಿದರೋ ಎಂಬುದನ್ನೂ ಗಮನಿಸಿ. ಆ ಉತ್ತರ ಬರುವವರೆಗೆ ಮನೆಯ ಒಪ್ಪಂದಕ್ಕೆ ಸಹಿ ಹಾಕಬೇಡಿ.